ಒಂಬತ್ತು ವರ್ಷದ ಮಗನನ್ನು ಚಿಕ್ಕ ಚಿಕಿತ್ಸಕ ಶಾಲೆಗೆ ಸೇರಿಸಬೇಕೇ? ಶಿರಸಿ, ಕುಮಟಾ ಕಡೆಯವರು ತಿಳಿಸಿ

ತೋಟದಮನೆ, ಶಿರಸಿ (ಪ್ರಶ್ನೆ)

ನಮ್ಮದು ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಮನೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಸುಲಿದ ಅಡಿಕೆಯ ಮುಂದೆ ಕುಳಿತರೆ ಚಾಲಿ, ಬಿಳಿಗೋಟು, ಕೋಕ ಎಂದು ಅಜ್ಜನಷ್ಟೇ ಚುರುಕಾಗಿ ಆರಿಸಿ ಬೇರೆ ಮಾಡುತ್ತಾನೆ. ಯಕ್ಷಗಾನದ ಪದಗಳು ಕೇಳಿ ಕೇಳಿಯೇ ಬಾಯಿಗೆ ಬಂದಿವೆ. ಆದರೆ ಎರಡನೇ ತರಗತಿಯ ಕನ್ನಡ ಪಾಠವನ್ನು ಓದಲು ಆಗುವುದಿಲ್ಲ. ಪ, ಷ, ಫ ಮೂರೂ ಅವನಿಗೆ ಒಂದೇ. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ.

ಮೊದಲು ಅಳುತ್ತಿದ್ದ. ಈ ವರ್ಷ ಪುಸ್ತಕ ಎಸೆಯುತ್ತಾನೆ, ಬೆಂಚಿನ ಕೆಳಗೆ ಹೋಗಿ ಕೂರುತ್ತಾನೆ. ಒಂದು ದಿನ ಗೇಟು ದಾಟಿ ಬಸ್ ನಿಲ್ದಾಣದವರೆಗೆ ಓಡಿದ. ಅಂದಿನಿಂದ ಶಾಲೆಯವರು ಮಧ್ಯಾಹ್ನದವರೆಗೆ ಮಾತ್ರ ಕಳುಹಿಸಿ ಎಂದಿದ್ದಾರೆ. ಧಾರವಾಡದಲ್ಲಿ ತೋರಿಸಿದೆವು. ಡಿಸ್ಲೆಕ್ಸಿಯಾ (ಓದು, ಬರಹ ಕಲಿಯುವಲ್ಲಿನ ತೊಡಕು), ಜೊತೆಗೆ ಆತಂಕ ಎಂದು ಬರೆದುಕೊಟ್ಟಿದ್ದಾರೆ.

ಘಟ್ಟದ ಕೆಳಗೆ ಇಂಥ ಮಕ್ಕಳಿಗಾಗಿ ಒಂದು ಪುಟ್ಟ ಚಿಕಿತ್ಸಕ ಶಾಲೆ ಇದೆಯಂತೆ. ಒಟ್ಟು ಇಪ್ಪತ್ತು ಮಕ್ಕಳೂ ಇಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ ಪಾಠ, ಆಪ್ತಸಮಾಲೋಚಕಿಯೂ ಇದ್ದಾರೆ ಎಂದು ಪರಿಚಯದವರು ಹೇಳಿದರು. ಸೇರಿಸುವುದಾದರೆ ನಾನು ಮಗನ ಜೊತೆ ಕುಮಟಾದಲ್ಲಿ ಬಾಡಿಗೆ ಮನೆ ಮಾಡಬೇಕಾಗುತ್ತದೆ. ದಿನವೂ ದೇವಿಮನೆ ಘಟ್ಟ ಇಳಿದು ಹತ್ತುವುದು ಅವನ ಕೈಯಲ್ಲಿ ಆಗದು, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಮಾವನವರು ದೊಡ್ಡವನಾದಂತೆ ಸರಿಯಾಗುತ್ತಾನೆ, ಊರು ಬಿಡುವುದು ಬೇಡ ಎನ್ನುತ್ತಾರೆ.

ಇಂಥ ಶಾಲೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ? ಪಾಠ ಹಿಂದೆ ಬೀಳುವುದಿಲ್ಲವೇ? ಒಳ್ಳೆಯ ಶಾಲೆಯೋ ಅಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಅಂಕೋಲಾದ ತಂದೆ

ತಂಗಿ, ನನ್ನ ಮಗಳು ಇಂಥದೇ ಒಂದು ಶಾಲೆಯಲ್ಲಿ ಇದ್ದಾಳೆ. ಮೊದಲ ಕೆಲವು ವಾರ ಪಾಠವೇ ಮಾಡುತ್ತಿಲ್ಲ ಎಂದು ನಿಮಗೆ ಅನಿಸಬಹುದು. ಮಗುವನ್ನು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಆಡಿಸುತ್ತಾರೆ. ಆ ಕಾಲವನ್ನು ಕೊಡಿ. ಆದರೆ ಹಣ ಕಟ್ಟುವ ಮೊದಲು ಎರಡು ವಿಷಯ ಕೇಳಿ ಖಚಿತಪಡಿಸಿಕೊಳ್ಳಿ: ಶಾಲೆಗೆ ಮಾನ್ಯತೆ ಇದೆಯೇ, ಮುಂದೆ ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಕೊಡುತ್ತಾರೆಯೇ. ಇಲ್ಲವಾದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಪರೀಕ್ಷೆಗೆ ಕೂರಿಸುತ್ತಾರೆಯೇ ಎಂದು ಕೇಳಿ. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ ಸಾಕು, ಒಂದು ಭಾಷೆ ಮಾತ್ರ ಕಡ್ಡಾಯ, ಐದು ವರ್ಷಗಳಲ್ಲಿ ಒಂದೊಂದೇ ವಿಷಯ ಬರೆದು ಮುಗಿಸಬಹುದು. ನಮ್ಮ ಮಗಳಿಗೆ ಆ ದಾರಿ ಇದೆ ಎಂದು ತಿಳಿದ ಮೇಲೆ ಮನೆಯಲ್ಲಿ ನಿದ್ದೆ ಬಂತು.

ಕರಾವಳಿಯ ವಿಶೇಷ ಶಿಕ್ಷಕಿ

ತಂಗಿ, ನಾನು ಕರಾವಳಿಯ ಇಂಥ ಒಂದು ಪುಟ್ಟ ಶಾಲೆಯಲ್ಲಿ ಬಹಳ ಕಾಲದಿಂದ ಕಲಿಸುತ್ತಿದ್ದೇನೆ. ನೀವು ಹೇಳಿದ ಶಾಲೆ ಯಾವುದೆಂದು ನಾನು ಊಹಿಸಲು ಹೋಗುವುದಿಲ್ಲ. ಯಾವ ಶಾಲೆಗೆ ಹೋದರೂ ಕಟ್ಟಡ, ಆಟದ ಸಾಮಾನು, ಗೋಡೆಯ ಚಿತ್ರ ನೋಡಿ ತೀರ್ಮಾನಿಸಬೇಡಿ. ಒಂದು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು, ಹೆಸರು ಮತ್ತು ಗುರುತು ಮುಚ್ಚಿ, ತೋರಿಸಿ ಎಂದು ಕೇಳಿ. ಐಇಪಿ ಎಂದರೆ ಅವರಿಗೆ ಅರ್ಥವಾಗುತ್ತದೆ. ಅದನ್ನು ಪೂರ್ತಿ ಓದಿ. ಆ ಕಾಗದದಲ್ಲಿ ಇನ್ನೊಂದು ಮಗುವಿನ ಹೆಸರು ಹಾಕಿದರೂ ನಡೆಯುತ್ತದೆ ಎನಿಸಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಇಷ್ಟು ಕಟುವಾಗಿ ಹೇಳುವುದು ಸುಮ್ಮನೆ ಅಲ್ಲ. "ಓದುವ ಕೌಶಲ ಸುಧಾರಿಸುವುದು, ಆತ್ಮವಿಶ್ವಾಸ ಬೆಳೆಸುವುದು, ವರ್ತನೆ ತಿದ್ದುವುದು" ಎಂದು ಮೂರು ಸಾಲು ಬರೆದು ವರ್ಷವಿಡೀ ಶುಲ್ಕ ತೆಗೆದುಕೊಳ್ಳುವ ಕಡೆಯಿಂದ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ ಕಲಿಕೆ ತಡವಾಗಿದ್ದಷ್ಟೇ ಅಲ್ಲ, ಕಲಿಸುವವರ ಮೇಲಿನ ನಂಬಿಕೆಯೂ ಹೋಗಿರುತ್ತದೆ.

ಯೋಜನೆ ಹೇಗಿರಬೇಕು ಎಂದು ಹೇಳುತ್ತೇನೆ. ನಿಮ್ಮ ಮಗನನ್ನೇ ಇಟ್ಟುಕೊಳ್ಳೋಣ. "ಓದಲು ಬರುವುದಿಲ್ಲ" ಎಂಬುದು ಯೋಜನೆಗೆ ಸಾಲದು. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಇವುಗಳಲ್ಲಿ ಅವನಿಗೆ ಯಾವುದು ಗಟ್ಟಿ, ಯಾವುದು ಅಲುಗಾಡುತ್ತಿದೆ, ಯಾವುದು ಇಲ್ಲವೇ ಇಲ್ಲ? ಪ, ಷ, ಫ ತಪ್ಪುವುದು ಕಣ್ಣಿಗೆ ಒಂದೇ ತರಹ ಕಾಣುವುದರಿಂದಲೋ, ದನಿಗಳನ್ನು ಬಿಡಿಸಿ ಕೇಳಲು ಆಗದಿರುವುದರಿಂದಲೋ? "ಅಕ್ಕ" ಓದಿ "ಅಕ್ಷರ"ದಲ್ಲಿ ನಿಲ್ಲುತ್ತಾನೆಯೇ, "ಅಕ್ಕ"ದಲ್ಲಿಯೇ ನಿಲ್ಲುತ್ತಾನೆಯೇ? ಬರೆಯಲಾಗದ ಪದವನ್ನು ಬಾಯಲ್ಲಿ ಬಿಡಿಸಿ ಹೇಳಬಲ್ಲನೇ? ಇದನ್ನೆಲ್ಲ ಒಂದು ದಿನದಲ್ಲಿ ತಿಳಿಯಲು ಆಗುವುದಿಲ್ಲ. ಅಂಕೋಲಾದವರು ಹೇಳಿದ "ಪಾಠವಿಲ್ಲದ ವಾರಗಳು" ಇದಕ್ಕಾಗಿ.

ಅದಾದ ಮೇಲೆ ಗುರಿ ಹೀಗಿರುತ್ತದೆ: ಡಿಸೆಂಬರ್ ಮುಗಿಯುವುದರೊಳಗೆ ಸಜಾತೀಯ ಒತ್ತಕ್ಷರ ಇರುವ ಹೊಸ ಹತ್ತು ಪದಗಳಲ್ಲಿ ಎಂಟನ್ನು ನೆರವಿಲ್ಲದೆ ಓದುವುದು, ಬೇರೆ ಬೇರೆ ಮೂರು ದಿನ. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಯಾವ ವಿಧಾನ ಎಂಬುದೂ ಅದೇ ಸಾಲಿನಲ್ಲಿ ಇರಬೇಕು. ನಾವು ಮಕ್ಕಳಿಂದ ಅಕ್ಷರವನ್ನು ನೋಡಿಸಿ, ದನಿ ಹೇಳಿಸಿ, ಮರಳಿನ ಮೇಲೆ ಬೆರಳಿನಿಂದ ಬರೆಸುತ್ತೇವೆ, ಮೂರೂ ಒಂದೇ ಹೊತ್ತಿನಲ್ಲಿ. ಹಲವು ಇಂದ್ರಿಯಗಳಿಂದ ಕಲಿಸುವ ಈ ಪದ್ಧತಿ ಅಮೆರಿಕದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್ಹ್ಯಾಮ್ ಎಂಬವರಿಂದ 1930ರ ದಶಕದಲ್ಲಿ ರೂಪ ಪಡೆಯಿತು. ಅದು ಇಂಗ್ಲಿಷಿಗಾಗಿ ಹುಟ್ಟಿದ್ದು. ನಮ್ಮ ಲಿಪಿಗೆ ಹೊಂದಿಸುವ ಕೆಲಸ ನಮ್ಮದು, ಆ ಕೆಲಸ ಶಾಲೆಯಲ್ಲಿ ನಡೆಯುತ್ತಿದೆಯೇ ಎಂದು ನೋಡಿ. ಇಂಗ್ಲಿಷ್ ಅಭ್ಯಾಸದ ಹಾಳೆಗಳನ್ನು ಮಾತ್ರ ತೋರಿಸಿದರೆ ನಿಮ್ಮ ಮಗನಿಗೆ ಅಲ್ಲಿ ಸಿಗುವುದು ಕಡಿಮೆ.

ಪಾಠ ಹಿಂದೆ ಬೀಳುವುದಿಲ್ಲವೇ ಎಂದಿರಿ. ಓದು ಎರಡನೇ ತರಗತಿಯ ಮಟ್ಟದಲ್ಲಿದೆ ಎಂದು ಪರಿಸರ ಅಧ್ಯಯನವನ್ನೂ ಎರಡನೇ ತರಗತಿಯದ್ದೇ ಕೊಟ್ಟರೆ ಖಂಡಿತ ಬೀಳುತ್ತದೆ. ಹಾಗೆ ಮಾಡಬಾರದು. ಅವನಿಗೆ ನಾಲ್ಕನೇ ತರಗತಿಯ ಪಾಠವನ್ನು ಓದಿ ಹೇಳಿ, ಮಾತಿನಲ್ಲಿ ಉತ್ತರ ಪಡೆಯಿರಿ, ಚಿತ್ರ ಬಿಡಿಸಿ ತೋರಿಸಲಿ. ಕನ್ನಡ ಒಂದು ಮಟ್ಟದಲ್ಲಿ, ಗಣಿತ ಇನ್ನೊಂದರಲ್ಲಿ, ಪರಿಸರ ಮತ್ತೊಂದರಲ್ಲಿ ನಡೆಯಬಹುದು. ಅಡಿಕೆ ಆರಿಸುವ ಹುಡುಗನಿಗೆ ವರ್ಗೀಕರಣ, ತೂಕ, ಬೆಲೆ, ಕಳೆಯುವ ಲೆಕ್ಕ ಎಲ್ಲವನ್ನೂ ಅಲ್ಲಿಂದಲೇ ಶುರು ಮಾಡಬಹುದು. ಕ್ವಿಂಟಲ್ ಎಂದರೆ ನೂರು ಕಿಲೋ ಎಂಬುದು ಅವನಿಗೆ ಈಗಲೇ ಗೊತ್ತಿರುತ್ತದೆ.

ಇನ್ನು ಪುಸ್ತಕ ಎಸೆಯುವುದು. ಇದರ ಬಗ್ಗೆ ನನಗೆ ಹೇಳಲು ಹೆಚ್ಚು ಇದೆ, ಏಕೆಂದರೆ ಎಲ್ಲರೂ ಇದನ್ನು ಓದಿನಿಂದ ಬೇರೆ ಮಾಡಿ ನೋಡುತ್ತಾರೆ. ಬೆಳಿಗ್ಗೆ ಪಾಠ, ಶುಕ್ರವಾರ ಮಧ್ಯಾಹ್ನ "ಭಾವನೆಗಳ ತರಗತಿ" ಎಂದು ವೇಳಾಪಟ್ಟಿ ತೋರಿಸುತ್ತಾರೆ. ಮಗು ಕುಸಿಯುವುದು ಸೋಮವಾರ ಹತ್ತೂವರೆಗೆ, ಉಕ್ತಲೇಖನದ ನಡುವೆ. ಕಲಿಸಬೇಕಾದದ್ದು ಅಲ್ಲಿ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಮೀನುಗಾರರ ಮನೆಯವನು. ಹಿಂದಿನ ಶಾಲೆಯಲ್ಲಿ ಹಠಮಾರಿ ಎಂದು ಹೆಸರಾಗಿತ್ತು. ನಾವು ಪ್ರತಿ ಸಲ ಮೂರು ವಿಷಯ ಬರೆದುಕೊಂಡೆವು: ಅದಕ್ಕೆ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ನೋಡಿದರೆ, ಗಟ್ಟಿಯಾಗಿ ಓದಿಸುವ ಸರದಿ ಅವನ ಹತ್ತಿರ ಬರುತ್ತಿದ್ದಂತೆ ಪಕ್ಕದವನಿಗೆ ಹೊಡೆಯುತ್ತಿದ್ದ, ಹೊಡೆದರೆ ಹೊರಗೆ ನಿಲ್ಲಿಸುತ್ತಿದ್ದರು, ಹೊರಗೆ ನಿಂತರೆ ಓದಬೇಕಾಗಿರಲಿಲ್ಲ. ಆ ಶಿಕ್ಷೆ ಅವನಿಗೆ ಬಿಡುಗಡೆಯಾಗಿತ್ತು. ಓದಲು ಬಾರದ ಮಗುವಿಗೆ ಎಲ್ಲರ ಎದುರು ಓದಿಸುವುದಕ್ಕಿಂತ ದೊಡ್ಡ ಭಯ ಇಲ್ಲ. ಹೊಡೆತಕ್ಕೆ ಬದಲು ಅವನಿಗೆ ಬೇರೆ ದಾರಿ ಬೇಕಿತ್ತು. ಸರದಿ ದಾಟಿಸಲು ಮೇಜಿನ ಮೇಲೆ ಒಂದು ಚೀಟಿ ಇಡುವುದನ್ನು ಕಲಿಸಿದೆವು. ಚೀಟಿ ಇಟ್ಟರೆ ಪ್ರಶ್ನೆ ಇಲ್ಲದೆ ಸರದಿ ಮುಂದೆ ಹೋಗುತ್ತದೆ. ಜೊತೆಗೆ ಅವನು ಓದಬಲ್ಲ ಎರಡು ಸಾಲನ್ನು ಹಿಂದಿನ ದಿನವೇ ತಯಾರು ಮಾಡಿಸಿದೆವು. ಚೀಟಿ ಇಡುವುದು ತಾನಾಗಿಯೇ ಕಡಿಮೆಯಾಯಿತು. ಅವನ ಯೋಜನೆಯಲ್ಲಿ ಓದಿನ ಗುರಿ ಮತ್ತು ವರ್ತನೆಯ ಗುರಿ ಒಂದೇ ಪುಟದಲ್ಲಿ, ಒಂದರ ಕೆಳಗೆ ಒಂದು ಇದ್ದವು.

ಮನಸ್ಸಿನ ಏರಿಳಿತವನ್ನು ಗುರುತಿಸಲು ಅವನಿಗೆ ಉಬ್ಬರ, ಇಳಿತ ಎಂಬ ಪಟ್ಟಿ ಸಾಕಾಯಿತು. "ನೀರು ಮೆಟ್ಟಿಲಿಗೆ ಬಂತು" ಎನ್ನುತ್ತಿದ್ದ, ನಾವು ಹೊರಗೆ ಕರೆದುಕೊಂಡು ಹೋಗುತ್ತಿದ್ದೆವು. ಘಟ್ಟದ ಮೇಲಿನಿಂದ ಬಂದ ಇನ್ನೊಬ್ಬನಿಗೆ ಅದು ತಲೆಗೇ ಹೋಗಲಿಲ್ಲ. ಅವನು ಯಕ್ಷಗಾನ ಮೇಳದ ಆಟ ಬಿಡದೆ ನೋಡುವವನು. ಅವನೇ ಮಾಡಿಕೊಂಡ ಅಳತೆ ಹೀಗಿತ್ತು: ಬರೀ ಭಾಗವತರ ಪದ, ಮದ್ದಳೆ ಸೇರಿತು, ಚಂಡೆ ಬಂತು. ಚಂಡೆ ಬರುವ ಮೊದಲು, ಮದ್ದಳೆಯಲ್ಲಿ ಇರುವಾಗಲೇ ಬಂದು ಹೇಳಬೇಕು ಎಂಬುದು ಅವನ ವರ್ಷದ ಗುರಿ. ಅದನ್ನು ಸಾಧಿಸಿದ. ಚಂಡೆ ಬಂದ ಮೇಲೆ ಯಾವ ಮಗುವಿಗೂ ಮಾತು ಕೇಳಿಸುವುದಿಲ್ಲ, ಆಗ ಉಪದೇಶ ಮಾಡುವುದು ವ್ಯರ್ಥ. ಈ ಎರಡು ಪಟ್ಟಿಗಳನ್ನು ಅದಲು ಬದಲು ಮಾಡಲು ಆಗುವುದಿಲ್ಲ. ವೈಯಕ್ತಿಕ ಎಂದು ನಾನು ಹೇಳುವುದು ಇದನ್ನೇ.

ಮಕ್ಕಳ ಸಂಖ್ಯೆ ಕಡಿಮೆ ಎಂಬುದೊಂದೇ ಸಾಲದು. ತರಬೇತಿ ಇಲ್ಲದ ಒಬ್ಬರು ಹತ್ತು ಮಕ್ಕಳನ್ನು ಕೂರಿಸಿಕೊಂಡರೆ ಅದು ಮನೆಪಾಠ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರ. ಯೋಜನೆ ಬರೆಯುವ ಸಭೆಯಲ್ಲಿ ನೀವು ಕೂರುತ್ತೀರಾ, ಎಷ್ಟು ತಿಂಗಳಿಗೊಮ್ಮೆ ಮರುಪರಿಶೀಲನೆ, ಮಗು ಕುಸಿದಾಗ ಮೊದಲು ಅವನ ಹತ್ತಿರ ಹೋಗುವವರು ಯಾರು ಎಂದು ಕೇಳಿ. ಕೊನೆಗೆ, ಅವನು ಯಾವಾಗ ಸಾಮಾನ್ಯ ಶಾಲೆಗೆ ಮರಳಬಹುದು, ಯಾವ ಗುರುತು ನೋಡಿ ಹೇಳುತ್ತೀರಿ ಎಂದು ಕೇಳಿ. ಮರಳುವ ದಾರಿಯ ಮಾತೇ ಇಲ್ಲದ ಶಾಲೆಗೆ ನಾನು ನನ್ನ ಮಗುವನ್ನು ಕಳುಹಿಸುವುದಿಲ್ಲ.

ತೋಟದಮನೆ, ಶಿರಸಿ

ಅಕ್ಕ, ಮದ್ದಳೆ, ಚಂಡೆಯ ವಿಷಯ ಓದಿ ಮಗನನ್ನು ಕರೆದು ಹೇಳಿದೆ. "ನನಗೂ ಹಾಗೇ ಆಗುತ್ತದೆ" ಎಂದ. ಇಷ್ಟು ದಿನ ಏನಾಗುತ್ತದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದವನು.

ಇನ್ನೊಂದು ಸಂಕಟ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿದರೆ ಹುಡುಗನ ಮೇಲೆ ಕಾಯಂ ಮುದ್ರೆ ಬೀಳುತ್ತದೆ ಎಂದು ಮನೆಯಲ್ಲಿ ವಿರೋಧವಿದೆ. ಅರ್ಧ ದಿನ ಕಳುಹಿಸಿ ಎಂದವರು ಈಗ ಪ್ರಮಾಣಪತ್ರ ತಂದರೆ ನಾವು ಇಟ್ಟುಕೊಳ್ಳುವುದೇ ಕಷ್ಟ ಎಂದೂ ಹೇಳುತ್ತಿದ್ದಾರೆ.

ಸಂಪನ್ಮೂಲ ಶಿಕ್ಷಕ, ಸಿದ್ದಾಪುರ

ತಂಗಿ, ಶಾಲೆಯವರ ಆ ಮಾತಿಗೆ ಹೆದರಬೇಡಿ, ಅದು ಕಾನೂನಿಗೆ ವಿರುದ್ಧ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು, ಮಗುವಿನ ಶೈಕ್ಷಣಿಕ ಮತ್ತು ಸಾಮಾಜಿಕ ಬೆಳವಣಿಗೆ ಎರಡಕ್ಕೂ ಬೇಕಾದ ವೈಯಕ್ತಿಕ ನೆರವು ಕೊಡಬೇಕು. ಶಿಕ್ಷಕಿಯಕ್ಕ ಹೇಳಿದ ಒಂದೇ ಪುಟದ ಮಾತಿಗೆ ಕಾನೂನಿನಲ್ಲಿಯೂ ಆಧಾರವಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

"ಮಧ್ಯಾಹ್ನದವರೆಗೆ ಮಾತ್ರ" ಎಂಬುದನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಹೆಚ್ಚಾಗಿ ಕೊಡುವುದಿಲ್ಲ, ಕೊಡದೆ ಹಿಂದೆ ಸರಿಯುತ್ತಾರೆ. ಆಗದಿದ್ದರೆ ಶಿರಸಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿ. ನಿಮ್ಮದು ಶಿರಸಿ ಶೈಕ್ಷಣಿಕ ಜಿಲ್ಲೆ, ಕಾರವಾರದವರೆಗೆ ಹೋಗುವ ಅಗತ್ಯವಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ನಮ್ಮಂಥ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯದ ಮಕ್ಕಳನ್ನು ಎಲ್ಲರ ಜೊತೆ ಕಲಿಸುವ) ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಾಲೆಗೇ ಬಂದು ಮಗುವನ್ನು ನೋಡಿ, ತರಗತಿ ಶಿಕ್ಷಕರ ಜೊತೆ ಕುಳಿತು ಯೋಜನೆ ಮಾಡುವುದು ನಮ್ಮ ಕೆಲಸ. ಒಬ್ಬೊಬ್ಬರಿಗೆ ಬಹಳ ಶಾಲೆಗಳು ಇರುವುದರಿಂದ ವಾರ ವಾರ ಬರಲು ಆಗದು, ಆದರೂ ಮೊದಲ ಬಾಗಿಲು ಅದೇ ಆಗಲಿ.

ಪ್ರಮಾಣಪತ್ರದ ಬಗ್ಗೆ: 2018ರ ಮಾರ್ಗಸೂಚಿಯಲ್ಲಿ ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬಿದ ಮೇಲೆಯೇ ಪ್ರಮಾಣಪತ್ರ, ಮತ್ತೆ 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಎಂದಿತ್ತು (2024ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿದೆ, ಈಗಿನ ನಿಯಮ ಕೇಳಿ ತಿಳಿದುಕೊಳ್ಳಿ). ಕಾಯಂ ಮುದ್ರೆ ಎಂಬ ಭಯಕ್ಕೆ ಇದೇ ಉತ್ತರ ಎಂದು ಮನೆಯವರಿಗೆ ಹೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಬೇಕೆಂದರೆ ಆ ಕಾಗದ ಬೇಕೇ ಬೇಕು. ಒಂಬತ್ತನೇ ತರಗತಿಗೆ ಬಂದ ಮೇಲೆ ಓಡಾಡುವ ಪೋಷಕರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಧಾರವಾಡದ ವರದಿಯ ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟುಕೊಡಬೇಡಿ, ನಕಲು ಮಾತ್ರ ಕೊಡಿ.

ನಿಮಗೇ ಮನಸ್ಸು ತಡೆಯದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಕಾರವಾರದ ಅಮ್ಮ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಮ್ಮ ಮನೆಯ ಮಾತು ಕೊಂಕಣಿ. ಮಗ ಶಾಲೆಗೆ ಸೇರುವವರೆಗೆ ಕನ್ನಡ ಸರಿಯಾಗಿ ಕೇಳಿದವನೇ ಅಲ್ಲ. ಮೊದಲ ಪರೀಕ್ಷೆ ಮಾಡಿದವರು ಅದನ್ನು ಕೇಳಲಿಲ್ಲ, ಬುದ್ಧಿಯ ಬೆಳವಣಿಗೆ ಕಡಿಮೆ ಎಂದು ಬರೆದರು. ಮನೆ ಮಾತಿನಲ್ಲಿ ಮತ್ತೆ ನೋಡಿಸಿದಾಗ ಚಿತ್ರವೇ ಬದಲಾಯಿತು. ಕಾರವಾರದ ಸುತ್ತ ಕೊಂಕಣಿ ಮಕ್ಕಳು ಎಷ್ಟೋ ಇದ್ದಾರೆ, ಅವರ ಪೋಷಕರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಾವೂ ಚಿಕ್ಕ ಶಾಲೆಗೆ ಹಾಕಿದೆವು. ಓದು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕೇರಿಯ ಮಕ್ಕಳೆಲ್ಲ ಒಂದು ಶಾಲೆಗೆ, ಇವನೊಬ್ಬ ಬೇರೆ ವ್ಯಾನಿನಲ್ಲಿ. ಎರಡನೇ ವರ್ಷ ಸಂಜೆಯ ಕ್ರಿಕೆಟ್‌ಗೆ ಕರೆಯುವವರು ಇರಲಿಲ್ಲ. ಗೆಳೆಯರಿಲ್ಲದ ಮಗುವಿಗೆ ಭಾವನೆಗಳ ಪಾಠ ಯಾರ ಮೇಲೆ ಪ್ರಯೋಗ ಮಾಡಲು? ತಂಗಿ, ತೋಟ, ಅಜ್ಜ, ಅಡಿಕೆ, ಆಟ ಎಲ್ಲವನ್ನೂ ಬಿಡಿಸಿ ಬಾಡಿಗೆ ಮನೆಗೆ ಕರೆದೊಯ್ಯುವ ಮೊದಲು ಯೋಚಿಸಿ. ಅವನು ಎಲ್ಲಿ ಗಟ್ಟಿಯಾಗಿದ್ದಾನೋ ಅದನ್ನೆಲ್ಲ ಒಮ್ಮೆಲೇ ಕಳೆದುಕೊಳ್ಳುತ್ತಾನೆ.

ಕರಾವಳಿಯ ವಿಶೇಷ ಶಿಕ್ಷಕಿ

ಕಾರವಾರದವರು ಹೇಳಿದ ಮಾತು ತೂಕದ್ದು. ಅದಕ್ಕೇ ನಮ್ಮ ಕೆಲವು ಮಕ್ಕಳ ಯೋಜನೆಯಲ್ಲಿ "ಊರಿನ ಇಬ್ಬರು ಗೆಳೆಯರ ಜೊತೆ ವಾರಕ್ಕೊಮ್ಮೆ ಆಟ" ಎಂಬುದೂ ಗುರಿಯಾಗಿರುತ್ತದೆ, ಅದನ್ನೂ ಓದಿನಷ್ಟೇ ಗಂಭೀರವಾಗಿ ಗಮನಿಸುತ್ತೇವೆ. ಆದರೂ ನಾನು ಒಂದನ್ನು ಒಪ್ಪುವುದಿಲ್ಲ. ದಿನವೂ ಬೆಂಚಿನ ಕೆಳಗೆ ಅವಿತು ಕೂರುವ ಮಗು ಆ ದೊಡ್ಡ ಶಾಲೆಯಲ್ಲಿಯೂ ಗೆಳೆಯರ ನಡುವೆ ಇಲ್ಲ. ಮೊದಲು ಅವನು ಹೆದರದೆ ಕೂರುವ ಜಾಗ ಬೇಕು.

ತಂಗಿ, ನಿಮ್ಮ ಮಗನ ವಿಷಯದಲ್ಲಿ ನನ್ನ ಸಲಹೆ ಇದು. ಈಗಲೇ ಮನೆ ಬಾಡಿಗೆಗೆ ಹಿಡಿಯಬೇಡಿ. ಸಿದ್ದಾಪುರದವರು ಹೇಳಿದಂತೆ ಸಂಪನ್ಮೂಲ ಶಿಕ್ಷಕರನ್ನು ಶಾಲೆಗೆ ಕರೆಸಿ, ಈ ಅವಧಿ ಮುಗಿಯುವವರೆಗೆ ಪೂರ್ಣ ದಿನ, ಗಟ್ಟಿ ಓದಿಗೆ ವಿನಾಯಿತಿ, ಕುಸಿಯುವ ಮೊದಲು ಹೋಗಿ ಕೂರಲು ಒಂದು ಮೂಲೆ, ಇಷ್ಟನ್ನು ಬರಹದಲ್ಲಿ ಪಡೆಯಿರಿ. ಇಷ್ಟಕ್ಕೇ ಎಷ್ಟೋ ಮಕ್ಕಳು ನಿಲ್ಲುತ್ತಾರೆ. ನಿಲ್ಲದಿದ್ದರೆ, ಅಥವಾ ಶಾಲೆಯವರು ಒಪ್ಪದಿದ್ದರೆ, ಆಗ ಚಿಕ್ಕ ಶಾಲೆ. ಆಗ ತಡ ಮಾಡಬೇಡಿ. ಹೋದರೆ ಶನಿವಾರ, ಭಾನುವಾರ ತೋಟಕ್ಕೆ ಮರಳುವುದು ತಪ್ಪದಿರಲಿ, ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ರಜೆ ಕೇಳಿದರೆ ಕೊಡುವ ಶಾಲೆಯಾಗಿರಲಿ.

ಅಲ್ಲಿಯವರೆಗೆ ಒಂದು ನೋಟ್‌ಪುಸ್ತಕ ಇಡಿ. ಯಾವ ಹೊತ್ತು, ಮೊದಲು ಏನಾಯಿತು, ಅವನು ಏನು ಮಾಡಿದ, ದೊಡ್ಡವರು ಏನು ಮಾಡಿದರು. "ಹಠ ಮಾಡಿದ" ಎಂದು ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಚೆನ್ನಾಗಿ ನಡೆದ ದಿನವನ್ನೂ ಬರೆಯಿರಿ, ಅದರಲ್ಲಿ ಸುಳಿವು ಹೆಚ್ಚು ಇರುತ್ತದೆ. ಶಾಲೆ ನೋಡಲು ಹೋಗುವಾಗ ಅವನ ಹಳೆಯ ಶಾಲಾ ನೋಟ್‌ಪುಸ್ತಕಗಳನ್ನು, ತಿದ್ದದೆ ಅಳಿಸದೆ, ತೆಗೆದುಕೊಂಡು ಹೋಗಿ. ಅವನ ದೋಷಗಳನ್ನು ಅವನ ಎದುರಿನಲ್ಲಿ ಹೇಳಬೇಡಿ, ಆ ಮಾತಿನ ಹೊತ್ತಿಗೆ ಅವನಿಗೆ ಶಾಲೆ ತೋರಿಸಲು ಬೇರೆಯವರನ್ನು ಕೇಳಿ. ಬಸ್ಸಿಗೆ ಹತ್ತುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ, ಮುಂದಿನ ಸೀಟಿನಲ್ಲಿ ಕೂರಿಸಿ.

ತೋಟದಮನೆ, ಶಿರಸಿ

ನಾಳೆ ಸಂಪನ್ಮೂಲ ಕೇಂದ್ರಕ್ಕೆ ಹೋಗುತ್ತಿದ್ದೇವೆ. ಮಾವನವರೂ ಬರುತ್ತೇನೆ ಎಂದಿದ್ದಾರೆ. ಯೋಜನೆಯ ಸಭೆ ಆದ ಮೇಲೆ ಏನು ಬರೆದುಕೊಟ್ಟರು ಎಂದು ಇಲ್ಲಿಯೇ ಹಾಕುತ್ತೇನೆ, ಅದು ಸರಿಯೇ ಎಂದು ಶಿಕ್ಷಕಿಯಕ್ಕ ನೋಡಿ ಹೇಳಬೇಕು.